ನಮ್ಮ ಸೀರಿಯಲ್‌ನವರು ಯಾವ ಕೆಲಸಕ್ಕೆ ಹೋಗುತ್ತಾರೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೊರಿಯಾ ಸೀರಿಯಲ್‌ಗಳ ಬಗ್ಗೆ ಪುಟ ತುಂಬ ಬರೆದಿದ್ದಿರಿ. ಓದಿದೆ, ಚೆನ್ನಾಗಿತ್ತು. ನನ್ನ ಮಗಳು ಅವನ್ನೇ ನೋಡುತ್ತಾಳೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ರೈಲಿನಲ್ಲಿ ಪಕ್ಕದವರ ಫೋನ್ ಇಣುಕಿದರೆ ಅದೇ ಕಾಣುತ್ತದಂತೆ. ನನ್ನ ತಕರಾರು ಇಷ್ಟೇ. ತಲೆಬರಹದಲ್ಲಿ ‘ಏಷ್ಯಾದ ಸೀರಿಯಲ್’ ಅಂತ ಹಾಕಿ, ಒಳಗೆ ಜಪಾನಿನ ಒಂದೇ ಒಂದು ಸೀರಿಯಲ್ ಹೆಸರು ಎತ್ತದೆ ಮುಗಿಸಿಬಿಟ್ಟಿರಲ್ಲ, ಇದು ಸರಿಯಾ? ಜಪಾನ್ ಏನು ಏಷ್ಯಾದಿಂದ ಎದ್ದು ಹೋಯಿತಾ?

ನಮ್ಮ ಹುಡುಗರು ಜಪಾನಿನ ಅನಿಮೆ ಕಾರ್ಟೂನು ಅಂದರೆ ಪ್ರಾಣ ಬಿಡುತ್ತಾರೆ. ಆದರೆ ಮನುಷ್ಯರೇ ನಟಿಸಿದ ಜಪಾನ್ ಸೀರಿಯಲ್ ಬಗ್ಗೆ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಇದರಲ್ಲಿ ಜಪಾನಿನವರ ಪಾಲೂ ಇದೆ ಬಿಡಿ. ಅವರಿಗೆ ತಮ್ಮ ದೇಶದಲ್ಲೇ ನೋಡುವವರು ಸಾಕಷ್ಟು ಜನ ಇದ್ದರು, ಜಾಹೀರಾತಿನ ದುಡ್ಡು ಅಲ್ಲೇ ಹುಟ್ಟುತ್ತಿತ್ತು, ಹೊರಗೆ ಮಾರಲೇಬೇಕು ಅನ್ನುವ ಹಸಿವು ಕೊರಿಯಾದವರಿಗೆ ಇದ್ದಷ್ಟು ಇರಲಿಲ್ಲ. ಈಗ ನೆಟ್‌ಫ್ಲಿಕ್ಸ್ ಬಂದ ಮೇಲೆ ಒಂದಿಷ್ಟು ಸಿಗುತ್ತಿವೆ. ಉಳಿದವನ್ನು ನನ್ನ ತಮ್ಮ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಕೊಂಡು ಬಂದು ಕೊಡುತ್ತಾನೆ. ಎಲ್ಲಿಂದ ತರುತ್ತೀಯ ಅಂತ ನಾನು ಕೇಳುವುದಿಲ್ಲ.

ನಾನು ಒಂದು ಸಹಕಾರ ಬ್ಯಾಂಕಿನ ಸಾಲ ವಿಭಾಗದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿ ಆದವಳು. ಮನೆಯಲ್ಲಿ ಅತ್ತೆಯವರಿದ್ದಾರೆ, ಮಧುಗಿರಿ ಕಡೆಯ ಹಳ್ಳಿಯವರು, ಇಂಗ್ಲಿಷ್ ಓದಲು ಬರುವುದಿಲ್ಲ. ರಾತ್ರಿ ಊಟ ಆದ ಮೇಲೆ ನಾನು ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳುತ್ತೇನೆ, ಅವರು ಕೇಳಿಸಿಕೊಂಡು ನೋಡುತ್ತಾರೆ. ಹೀಗಾಗಿ ಈ ಪತ್ರದಲ್ಲಿರುವುದು ಅರ್ಧ ನನ್ನ ಅಭಿಪ್ರಾಯ, ಅರ್ಧ ಅತ್ತೆಯವರದ್ದು. ನಮ್ಮ ಮನೆಯವರು ಕ್ರಿಕೆಟ್ ಇಲ್ಲದ ದಿನ ಮಾತ್ರ ಜೊತೆಗೆ ಕೂರುತ್ತಾರೆ, ಅವರ ಅಭಿಪ್ರಾಯ ಲೆಕ್ಕಕ್ಕಿಲ್ಲ.

ಜಪಾನಿನ ಸೀರಿಯಲ್ ಮುಗಿಯುತ್ತದೆ. ಖಾಸಗಿ ಚಾನೆಲ್‌ಗಳಲ್ಲಿ ವಾರಕ್ಕೊಂದು ಕಂತು, ಒಟ್ಟು 10 ಅಥವಾ 11 ಕಂತು, ಅಷ್ಟೇ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಬಂತೆಂದರೆ ಹೊಸ ಸೀರಿಯಲ್‌ಗಳು ಶುರು. ಜನ ಎಷ್ಟೇ ಮುಗಿಬಿದ್ದು ನೋಡುತ್ತಿರಲಿ, ಕಥೆ ಮುಗಿದ ದಿನ ಅಂಗಡಿ ಮುಚ್ಚುತ್ತಾರೆ. ನಮ್ಮಲ್ಲಿ ಟಿಆರ್‌ಪಿ ಬಂದರೆ ಸತ್ತವರು ಎದ್ದು ಬರುತ್ತಾರೆ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬೇರೆ ನಟಿ ಅದೇ ಪಾತ್ರಕ್ಕೆ ಬರುತ್ತಾಳೆ. ಆದರೆ ಇದನ್ನು ಎಲ್ಲರೂ ಹೇಳಿ ಹೇಳಿ ಹಳತಾಗಿದೆ, ನಾನು ಬರೆಯಲು ಕೂತದ್ದು ಅದಕ್ಕಲ್ಲ.

ನನಗೆ ಹಿಡಿಸಿದ್ದು ಬೇರೆ. ಆ ಸೀರಿಯಲ್‌ಗಳಲ್ಲಿ ಜನ ಕೆಲಸ ಮಾಡುತ್ತಾರೆ. ಸುಮ್ನೆ ‘ಆಫೀಸಿಗೆ ಹೋಗಿ ಬರ್ತೀನಿ’ ಅಂತ ಬ್ಯಾಗ್ ಎತ್ತಿಕೊಂಡು ಹೋಗುವುದಲ್ಲ. ಆ ಕೆಲಸ ಏನು, ಸಂಬಳ ಎಷ್ಟು, ಮೇಲಿನವನು ಹೇಗೆ ತುಳಿಯುತ್ತಾನೆ, ಕೈ ಎಲ್ಲಿ ಸುಡುತ್ತದೆ, ಸಂಜೆ ಕಾಲು ಎಷ್ಟು ನೋಯುತ್ತದೆ, ಎಲ್ಲಾ ಕಾಣುತ್ತದೆ. ಕಥೆ ಹುಟ್ಟುವುದೇ ಅಲ್ಲಿ. ಈಗ ನಮ್ಮ ಸೀರಿಯಲ್‌ನವರು ಯಾವ ಕೆಲಸ ಮಾಡುತ್ತಾರೆ ಹೇಳಿ ನೋಡೋಣ. ಅವರಿಗೊಂದು ‘ಕಂಪನಿ’ ಇರುತ್ತದೆ. ಕಂಪನಿ ಏನು ತಯಾರಿಸುತ್ತದೆ? ಗೊತ್ತಿಲ್ಲ. ಗಾಜಿನ ಬಾಗಿಲು ಇರುತ್ತದೆ, ಫೈಲು ಇರುತ್ತದೆ, ಫೈಲಿಗೆ ಸಹಿ ಹಾಕಿಸಿಕೊಂಡು ಆಸ್ತಿ ಹೊಡೆಯುವ ಚಿಕ್ಕಪ್ಪ ಇರುತ್ತಾನೆ. ಬೆಳಿಗ್ಗೆ ಹತ್ತು ಗಂಟೆಗೂ ಮನೆಮಂದಿಯೆಲ್ಲ ರೇಷ್ಮೆ ಸೀರೆ ಉಟ್ಟು ಹಾಲ್‌ನಲ್ಲಿ ನಿಂತಿರುತ್ತಾರೆ. ಇವರೆಲ್ಲ ಯಾವಾಗ ಡ್ಯೂಟಿಗೆ ಹೋಗ್ತಾರೆ ಅಂತ ಅತ್ತೆಯವರು ಕೇಳಿದ್ದುಂಟು. ಟಿ.ಎನ್. ಸೀತಾರಾಂ ಅವರ ಸೀರಿಯಲ್‌ಗಳಲ್ಲಿ ಕೋರ್ಟಿನ ದೃಶ್ಯ ಬಂದರೆ ನಮ್ಮ ಓಣಿಯಲ್ಲಿ ಸದ್ದೇ ಇರುತ್ತಿರಲಿಲ್ಲ. ಅಲ್ಲಿ ವಕೀಲ ನಿಜವಾಗಿ ವಕೀಲಿಕೆ ಮಾಡುತ್ತಿದ್ದ. ಅಂದರೆ ನಮಗೆ ಬರುವುದಿಲ್ಲ ಅಂತಲ್ಲ, ಬಿಟ್ಟುಬಿಟ್ಟಿದ್ದೇವೆ.

ಓಶಿನ್ ಎಂಬ ಸೀರಿಯಲ್‌ನ, ಅದೇ ಹೆಸರಿನ ನಾಯಕಿಯ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆದದ್ದೇ ಅವಳಿಗಾಗಿ ಅಂದರೂ ತಪ್ಪಿಲ್ಲ.

ಜಪಾನಿನ ಸರ್ಕಾರಿ ಸ್ವರೂಪದ ಚಾನೆಲ್ ಎನ್‌ಎಚ್‌ಕೆ. ಮನೆಮನೆಯಿಂದ ಶುಲ್ಕ ಕಟ್ಟಿಸಿಕೊಂಡು ನಡೆಯುತ್ತದೆ, ಜಾಹೀರಾತು ಇಲ್ಲ. ಅದರಲ್ಲಿ 1961ರಿಂದ ಬೆಳಗಿನ ಸೀರಿಯಲ್ ಅಂತ ಒಂದು ಪದ್ಧತಿ ಇದೆ. ಕಂತಿಗೆ 15 ನಿಮಿಷ. ಹಿಂದೆ ವಾರಕ್ಕೆ ಆರು ದಿನ ಬರುತ್ತಿತ್ತು, 2020ರಿಂದ ಐದು ದಿನ. ಸಾಮಾನ್ಯವಾಗಿ ಒಂದು ಕಥೆಗೆ ಅರ್ಧ ವರ್ಷ. ಓಶಿನ್‌ಗೆ ಪೂರ್ತಿ ಒಂದು ವರ್ಷ ಕೊಟ್ಟರು, 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ, ಒಟ್ಟು 297 ಕಂತು. ಬರೆದದ್ದು ಸುಗಾಕೊ ಹಶಿದಾ ಅನ್ನುವ ಹೆಣ್ಣುಮಗಳು. ಸರಾಸರಿ ವೀಕ್ಷಕರ ಪ್ರಮಾಣ ಶೇ. 52.6, ಒಂದು ಕಂತಿಗೆ ಶೇ. 62.9ರವರೆಗೂ ಏರಿತ್ತು. ಆಮೇಲೆ 60ಕ್ಕೂ ಹೆಚ್ಚು ದೇಶಗಳಲ್ಲಿ ತೋರಿಸಿದರು. ಇರಾನಿನಲ್ಲಿ ಜನ ಹುಚ್ಚೆದ್ದು ನೋಡಿದರು.

ಕಥೆ ಶುರುವಾಗುವ ರೀತಿಯೇ ಚೆಂದ. 1983, ಒಂದು ದೊಡ್ಡ ಸೂಪರ್‌ಮಾರ್ಕೆಟ್ ಕುಟುಂಬ ತನ್ನ 17ನೇ ಅಂಗಡಿ ತೆರೆಯುತ್ತಿದೆ. ಎಂಬತ್ತು ದಾಟಿದ ಮನೆಯ ಹಿರಿಯಮ್ಮ ಓಶಿನ್ ಅವತ್ತೇ ಕಾಣೆ. ಹೂವಿನ ಹಾರ, ಅತಿಥಿಗಳು, ಎಲ್ಲಾ ಸಿದ್ಧ, ಅಜ್ಜಿ ಇಲ್ಲ. ಅವಳು ರೈಲು ಹತ್ತಿ ತಾನು ಹುಟ್ಟಿದ ಯಮಗಾತಾ ಕಡೆ ಹೋಗಿಬಿಟ್ಟಿದ್ದಾಳೆ. ನಾವು ಎಲ್ಲಿ ದಾರಿ ತಪ್ಪಿದೆವು ಅಂತ ನೋಡಿಕೊಳ್ಳಲು, ಬದುಕನ್ನು ಮೊದಲಿನಿಂದ ನೆನೆಸಿಕೊಂಡು ಬರಲು. ಜೊತೆಗೆ ಮೊಮ್ಮಗನ ಸಮಾನನಾದ ಒಬ್ಬ ಹುಡುಗ. ಅವನಿಗೆ ಹೇಳುತ್ತಾ ಹೇಳುತ್ತಾ ಕಥೆ 1907ಕ್ಕೆ ಹೋಗುತ್ತದೆ.

ಆಗ ಅವಳಿಗೆ ಏಳು ವರ್ಷ. ಗೇಣಿ ರೈತನ ಮನೆ. ಅಕ್ಕಿ ಸಾಲದೆ ಮೂಲಂಗಿ ಹೆಚ್ಚಿ ಹಾಕಿ ಅನ್ನ ಹೆಚ್ಚಿಸಿಕೊಳ್ಳುತ್ತಾರೆ. ಮನೆಯ ಮುದುಕಿ ಮಕ್ಕಳಿಗೆ ಉಳಿಯಲಿ ಅಂತ ತನ್ನ ಊಟ ಕಡಿಮೆ ಮಾಡುತ್ತಾಳೆ. ತಾಯಿ ಮತ್ತೆ ಬಸುರಿ. ಇನ್ನೊಂದು ಬಾಯಿಗೆ ಊಟ ಎಲ್ಲಿಂದ ತರುವುದು ಅಂತ ಆ ಗರ್ಭ ಕಳೆದುಕೊಳ್ಳಲು ಕೊರೆಯುವ ಹೊಳೆಯಲ್ಲಿ ಇಳಿದು ನಿಲ್ಲುತ್ತಾಳೆ. ಆ ಹುಡುಗಿ ದಡದಿಂದ ನೋಡುತ್ತಾಳೆ, ಮಾರನೆಯ ದಿನ ‘ನಾನು ಕೆಲಸಕ್ಕೆ ಹೋಗ್ತೀನಿ’ ಅನ್ನುವ ಮನಸ್ಸಿಗೆ ಬರುತ್ತಾಳೆ. ಒಂದು ವರ್ಷದ ಚಾಕರಿಗೆ ಒಂದು ಮೂಟೆ ಅಕ್ಕಿ. ಮೊಗಾಮಿ ಹೊಳೆಯ ಮೇಲೆ ತೆಪ್ಪದಲ್ಲಿ ಕೂರಿಸಿ ಕಳಿಸುತ್ತಾರೆ. ಇಷ್ಟು ದಿನ ಸಿಡುಕುತ್ತಿದ್ದ ಅಪ್ಪ ಮರೆಯಲ್ಲಿ ನಿಂತು ಅಳುತ್ತಾನೆ.

ನಮ್ಮ ಅತ್ತೆಯವರು ಇಲ್ಲಿ ಟಿವಿ ನಿಲ್ಲಿಸಲು ಹೇಳಿದರು. ಅತ್ತರು ಅಂದುಕೊಂಡಿರಾ? ಅಳಲಿಲ್ಲ. ‘ನಮ್ಮ ಕಡೆ ಒಂದು ಮೂಟೆ ರಾಗಿಗೆ ಬಿಡೋರು’ ಅಂದರು. ಅವರ ಹಳ್ಳಿಯಲ್ಲಿ ಗೌಡರ ಮನೆಗೆ ಹುಡುಗರನ್ನು ಜೀತಕ್ಕೆ ಬಿಡುತ್ತಿದ್ದದ್ದು, ದನ ಕಾಯುವ ಹುಡುಗ ಕೊಟ್ಟಿಗೆಯಲ್ಲೇ ಮಲಗುತ್ತಿದ್ದದ್ದು, ಹಬ್ಬಕ್ಕೂ ಮನೆಗೆ ಕಳಿಸದೆ ಇದ್ದದ್ದು, ಇಷ್ಟು ವರ್ಷ ನನಗೆ ಹೇಳದೆ ಇದ್ದದ್ದನ್ನೆಲ್ಲ ಅವತ್ತು ರಾತ್ರಿ ಹೇಳಿದರು. ಜೀತ ರದ್ದು ಮಾಡುವ ಕಾಯ್ದೆ ನಮ್ಮಲ್ಲಿ ಬಂದದ್ದು 1976ರಲ್ಲಿ. ಓಶಿನ್ ಬರುವ ಏಳು ವರ್ಷ ಮುಂಚೆ ಅಷ್ಟೇ. ಪಾವಗಡ, ಮಧುಗಿರಿ, ಶಿರಾ ಕಡೆಯ ಎಷ್ಟು ಮನೆಗಳಲ್ಲಿ ಈ ಕಥೆ ಇದೆಯೋ! ಅದನ್ನು ಯಾಕೆ ನಮ್ಮ ಚಾನೆಲ್‌ನವರು ಮಾಡಲಿಲ್ಲ ಅಂತ ನನಗೆ ಸಿಟ್ಟು ಬಂತು. ಮಾಡಿದ್ದರೂ ಗೌಡರ ಮಗ ಆ ಹುಡುಗಿಯನ್ನು ಪ್ರೀತಿಸುವ ಕಥೆ ಮಾಡುತ್ತಿದ್ದರೇನೋ.

ಚಾಕರಿಗೆ ಹೋದ ಮನೆಯಲ್ಲಿ ಓಶಿನ್‌ಗೆ ನಸುಕಿನಿಂದ ರಾತ್ರಿವರೆಗೆ ದುಡಿತ. ಅಜ್ಜಿ ಗುಟ್ಟಾಗಿ ಕೊಟ್ಟ 50 ಸೆನ್ ನಾಣ್ಯವನ್ನು ನೋಡಿ ಕದ್ದದ್ದು ಅಂತ ಹೊರಿಸುತ್ತಾರೆ. ಓಡಿಹೋಗುತ್ತಾಳೆ, ಹಿಮದಲ್ಲಿ ಬೀಳುತ್ತಾಳೆ. ಸೈನ್ಯ ಬಿಟ್ಟು ಓಡಿಬಂದ ಒಬ್ಬ ಯುವಕ ಅವಳನ್ನು ಉಳಿಸಿ, ಗುಡ್ಡದ ಗುಡಿಸಲಿನಲ್ಲಿಟ್ಟುಕೊಂಡು ಅಕ್ಷರ ಕಲಿಸುತ್ತಾನೆ. ಯುದ್ಧ ಯಾಕೆ ಬೇಡ ಅಂತ ಹೇಳುತ್ತಾನೆ. ವಸಂತ ಬಂದಾಗ ಸೈನಿಕರು ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಇನ್ನು ಆ ಅಕ್ಕಿ? ವರ್ಷ ತುಂಬಲಿಲ್ಲ ಅಂತ ಅದನ್ನೂ ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಪುಟ್ಟ ಓಶಿನ್ ಆಗಿ ಮಾಡಿದ್ದು ಅಯಾಕೊ ಕೊಬಯಾಶಿ. ಆ ಮಗುವಿನ ಕಣ್ಣು ನೋಡಿದವರು ಮರೆಯಲಿಕ್ಕಿಲ್ಲ.

ಆದರೆ ಓಶಿನ್ ಅಂದರೆ ಅಳು ಅಂತ ಮಾತ್ರ ತಿಳಿದವರು ಅರ್ಧ ನೋಡಿದವರು. ಎರಡನೇ ಮನೆ ಸಕಾತಾ ಊರಿನ ಅಕ್ಕಿ ವ್ಯಾಪಾರಿಗಳದ್ದು. ಅಲ್ಲಿನ ಹಿರಿಯಮ್ಮ ಅವಳಿಗೆ ಓದು, ಲೆಕ್ಕ, ಮಣಿಚೌಕಟ್ಟಿನಲ್ಲಿ ಕೂಡಿ ಕಳೆಯುವುದು ಎಲ್ಲಾ ಕಲಿಸುತ್ತಾಳೆ. ಇಲ್ಲಿಂದ ಮುಂದೆ ನನ್ನಂಥ ಲೆಕ್ಕದ ಗುಮಾಸ್ತೆಗೆ ಹಬ್ಬ. ಟೋಕಿಯೊಗೆ ಹೋಗಿ ತಲೆ ಬಾಚುವ ಕೆಲಸ ಕಲಿಯುತ್ತಾಳೆ. ಹೆಂಗಸರ ಕೂದಲಿಗೆ ಹಳೆಯ ಶೈಲಿ ಹೋಗಿ ಹೊಸ ಶೈಲಿ ಬರುತ್ತಿದ್ದ ಕಾಲ ಅದು, ಅದನ್ನು ಹಿಡಿದುಕೊಳ್ಳುತ್ತಾಳೆ. ಆಮೇಲೆ ಬಟ್ಟೆ ಹೊಲಿಸುವ ವ್ಯಾಪಾರ. ಅದು ಕೈ ಹಿಡಿಯಿತು ಅನ್ನುವಾಗ 1923ರ ಭೂಕಂಪ ಬಂದು ಎಲ್ಲಾ ನೆಲಸಮ. ಗಂಡನ ಊರಿಗೆ ಹೋಗಿ ಅತ್ತೆಯ ಕೈಕೆಳಗೆ ಹೊಲದ ಕೆಲಸ. ಅಲ್ಲಿಂದ ಬಿಡಿಸಿಕೊಂಡು ಬಂದು ಇಸೆ ಎಂಬ ಕಡಲ ಊರಿನಲ್ಲಿ ಮೀನು ಹೊತ್ತು ಮನೆಮನೆಗೆ ಮಾರುತ್ತಾಳೆ. ಯುದ್ಧದಲ್ಲಿ ದೊಡ್ಡ ಮಗ ಸಾಯುತ್ತಾನೆ. ಸೈನ್ಯಕ್ಕೆ ಸರಕು ಒದಗಿಸಿ ಮೇಲೆ ಬಂದಿದ್ದ ಗಂಡ ದೇಶ ಸೋತ ಮೇಲೆ ಜೀವ ತೆಗೆದುಕೊಳ್ಳುತ್ತಾನೆ. ಅವಳು ಮತ್ತೆ ಬುಟ್ಟಿ ಹೊರುತ್ತಾಳೆ. ಆ ಬುಟ್ಟಿಯೇ ಬೆಳೆದು ಸೂಪರ್‌ಮಾರ್ಕೆಟ್ ಆಗುತ್ತದೆ, ಲಾಭದ ಆಸೆಗೆ ಬಿದ್ದ ಮಗನಿಂದ ಅದೂ ಕುಸಿಯುವ ಹಂತಕ್ಕೆ ಬರುತ್ತದೆ.

ಗಂಡನ ಊರಿನಲ್ಲಿ ಅತ್ತೆಯ ಕೈಕೆಳಗೆ ಅಂದೆನಲ್ಲ, ಆ ಅತ್ತೆ ಕಾಟದ ಭಾಗದ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಆ ಭಾಗ ಬಲು ಪ್ರಸಿದ್ಧ. ತುಂಬಿದ ಗರ್ಭಿಣಿ ಸೊಸೆಯನ್ನು ಹೊಲದಲ್ಲಿ ದುಡಿಸುತ್ತಾಳೆ, ಆ ಮಗು ಉಳಿಯುವುದಿಲ್ಲ. ನಮ್ಮ ಸೀರಿಯಲ್‌ನ ಅತ್ತೆಯರು ಹಾಲಿಗೆ ವಿಷ ಹಾಕುತ್ತಾರೆ, ಮೆಟ್ಟಿಲಿಗೆ ಎಣ್ಣೆ ಸುರಿಯುತ್ತಾರೆ, ಯಾಕೆ ಅಂತ ಕೇಳಿದರೆ ಅವರು ಕೆಟ್ಟವರು, ಅಷ್ಟೇ. ಇಲ್ಲಿ ಹಾಗಲ್ಲ. ಆ ಮನೆಯವರು ಸಮುದ್ರಕ್ಕೆ ಒಡ್ಡು ಕಟ್ಟಿ ನೆಲ ಮಾಡುತ್ತಿದ್ದಾರೆ, ಇದ್ದಬದ್ದದ್ದೆಲ್ಲ ಅದಕ್ಕೇ ಸುರಿದಿದ್ದಾರೆ, ದುಡಿಯುವ ಕೈ ಬೇಕು. ಪೇಟೆಯಿಂದ ಬಂದ, ಮೆತ್ತನೆಯ ಕೈಯ, ತಲೆ ಬಾಚುವ ಸೊಸೆ ಯಾಕೆ ಬೇಕು ಅವರಿಗೆ? ಆ ಹೆಂಗಸಿನ ಮೇಲೆ ಸಿಟ್ಟೂ ಬರುತ್ತದೆ, ಅವಳ ಲೆಕ್ಕವೂ ಅರ್ಥ ಆಗುತ್ತದೆ. ನಮ್ಮ ಅತ್ತೆಯವರು ಮಾತ್ರ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ‘ಮುಂಡೇದು’ ಅಂದರು.

ಇನ್ನು ನನ್ನ ಇಲಾಖೆಗೆ ಬರೋಣ. ‘ಹಾಂಜಾವಾ ನಾವೊಕಿ’ ಎಂಬ ಸೀರಿಯಲ್. 2013ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂದ 10 ಕಂತು. ಕೊನೆಯ ಕಂತಿಗೆ ಟೋಕಿಯೊ ಸುತ್ತಿನ ಕಾಂತೊ ಪ್ರದೇಶದಲ್ಲಿ ಶೇ. 42.2 ಮನೆಗಳಲ್ಲಿ ನೋಡಿದರು. ಇದರಲ್ಲಿ ಹೊಡೆದಾಟ ಇಲ್ಲ, ಪ್ರೇಮಕಥೆ ಇಲ್ಲ, ಇರುವುದು ಒಂದು ಬ್ಯಾಂಕು ಮತ್ತು ವಸೂಲಾಗದ ಸಾಲ! ಒಸಾಕಾದ ಒಂದು ಶಾಖೆಯಲ್ಲಿ ಸಾಲದ ವಿಭಾಗದ ಮುಖ್ಯಸ್ಥ ಹಾಂಜಾವಾ. ಮೇಲಿನ ಮ್ಯಾನೇಜರ್ ಒತ್ತಡ ಹಾಕಿ ಒಂದು ಸ್ಟೀಲ್ ಕಂಪನಿಗೆ 50 ಕೋಟಿ ಯೆನ್ ಸಾಲ ಕೊಡಿಸುತ್ತಾನೆ. ಕಂಪನಿ ದಿವಾಳಿ, ಲೆಕ್ಕಪತ್ರ ಸುಳ್ಳು. ಈಗ ತಪ್ಪೆಲ್ಲ ಹಾಂಜಾವಾ ತಲೆಗೆ. ಈ ಕಥೆಯನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ. ಸಾಲ ಮಂಜೂರಾಗುವಾಗ ಫೋನ್ ಮಾಡುವವರು ಹತ್ತು ಜನ, ಸಾಲಗಾರ ಸುಸ್ತಿದಾರನಾದ ಮೇಲೆ ಫೈಲ್ ಮೇಲೆ ಇರುವುದು ಗುಮಾಸ್ತರ ಸಹಿ ಮಾತ್ರ. ಬ್ಯಾಂಕಿನಲ್ಲಿ ದುಡಿದ ಯಾರನ್ನಾದರೂ ಕೇಳಿ.

ಮೂಲ ಕಾದಂಬರಿ ಬರೆದ ಜುನ್ ಇಕೆಇದೊ ಸ್ವತಃ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಈ ಹತ್ತು ಕಂತಿನ ಎರಡನೇ ಅರ್ಧದಲ್ಲಿ ಸರ್ಕಾರದ ಹಣಕಾಸು ತಪಾಸಣೆಯವರು ಬರುತ್ತಾರೆ. ತೋರಿಸಬಾರದ ಕಾಗದಗಳ ಪೆಟ್ಟಿಗೆಯನ್ನು ಮನೆಗೆ ಸಾಗಿಸಿಟ್ಟಿರುತ್ತಾರೆ, ಅವರು ಮನೆಗೂ ನುಗ್ಗುತ್ತಾರೆ. ಆಡಿಟ್‌ನವರು ಬರುತ್ತಾರೆ ಅಂದ ದಿನ ಕಚೇರಿಯಲ್ಲಿ ಏರುವ ಎದೆಬಡಿತ ಇದೆಯಲ್ಲ, ಅದನ್ನು ಟಿವಿಯಲ್ಲಿ ನೋಡಿದ್ದು ನಾನು ಅದೇ ಮೊದಲು. ನಮ್ಮ ಮನೆಯವರು ಕೂಡ ಫೋನ್ ಕೆಳಗಿಟ್ಟು ನೋಡಿದರು. ‘ಎರಡು ಪಟ್ಟು ತೀರಿಸ್ತೀನಿ’ ಅಂತ ಹಾಂಜಾವಾ ಹಲ್ಲು ಕಚ್ಚಿ ಹೇಳುವ ಮಾತು ಆ ದೇಶದಲ್ಲಿ ಮನೆಮಾತಾಯಿತು. ಕೊನೆಗೆ ಅವನ ಅಪ್ಪನ ಸಾವಿಗೆ ಕಾರಣನಾದ ದೊಡ್ಡ ಅಧಿಕಾರಿಯನ್ನು ಎಲ್ಲರೆದುರು ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿಸುತ್ತಾನೆ. ಗೆದ್ದ. ಆಮೇಲೆ ಬಡ್ತಿ ಸಿಗುತ್ತದೆ ಅಂದುಕೊಂಡು ಕೂತರೆ, ಅಧ್ಯಕ್ಷರು ಕರೆದು ಅವನನ್ನು ಒಂದು ಷೇರು ಕಂಪನಿಗೆ ಎತ್ತಂಗಡಿ ಮಾಡುತ್ತಾರೆ. ಅವನ ಮುಖದ ಮೇಲೆಯೇ ಸೀರಿಯಲ್ ಮುಗಿಯುತ್ತದೆ. ಮುಂದಿನ ಭಾಗ ಬಂದದ್ದು 2020ರಲ್ಲಿ. ಏಳು ವರ್ಷ ಕಾಯಿಸಿದರು ನೋಡಿ.

ಇದರ ದೋಷ ಹೇಳಬೇಕು. ಕಿರುಚಾಟ ಜಾಸ್ತಿ. ಮುಖದ ಹತ್ತಿರಕ್ಕೆ ಕ್ಯಾಮೆರಾ ತಂದು ಬೆವರಿನ ಹನಿ ಎಣಿಸುವ ಹಾಗೆ ಮಾಡುತ್ತಾರೆ. ಹೆಂಗಸರಿಗೆ ಮಾಡಲು ಹೆಚ್ಚೇನೂ ಇಲ್ಲ. ಹಾಂಜಾವಾ ಹೆಂಡತಿಯದು ಒಳ್ಳೆಯ ಪಾತ್ರ, ಆದರೆ ಅವಳು ಮನೆಯಲ್ಲೇ. ಇಷ್ಟು ದೊಡ್ಡ ಬ್ಯಾಂಕಿನಲ್ಲಿ ಹೆಣ್ಣು ಗುಮಾಸ್ತರು ಎಲ್ಲಿ ಹೋದರು ಅಂತ ನನಗೆ ಕೊನೆಯವರೆಗೂ ಅನಿಸಿತು. ಜಪಾನ್ ಸೀರಿಯಲ್‌ಗಳ ಇನ್ನೊಂದು ರೋಗ ಭಾಷಣ. ನಾಯಕ ಕೊನೆಯಲ್ಲಿ ಎದ್ದು ನಿಂತು ಮೂರು ನಿಮಿಷ ಮಾತಾಡುತ್ತಾನೆ, ಎಲ್ಲರೂ ಶಾಲೆಯ ಪ್ರಾರ್ಥನೆಯಲ್ಲಿ ನಿಂತ ಮಕ್ಕಳ ಹಾಗೆ ಕೇಳಿಸಿಕೊಳ್ಳುತ್ತಾರೆ. ಕಾಯಿಲೆಯ ಸೀರಿಯಲ್‌ಗಳೂ ಬಹಳ. 2005ರ ‘ಒಂದು ಲೀಟರ್ ಕಣ್ಣೀರು’ ಚೆನ್ನಾಗಿದೆ, ಅಯಾ ಕಿತೊ ಎಂಬ ಹುಡುಗಿಯ ನಿಜವಾದ ದಿನಚರಿ ಆಧರಿಸಿದ್ದು, ಆದರೆ ನಾನು ಇನ್ನೊಮ್ಮೆ ನೋಡಲಾರೆ.

ಮನೆಗೆಲಸವೂ ಕೆಲಸವೇ ಅನ್ನುವುದನ್ನು ಸೀರಿಯಲ್ ಮಾಡಿದವರೂ ಇವರೇ. 2016ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 11 ಕಂತು ಬಂದ ‘ನಿಗೆಹಜಿ’. ಪೂರ್ತಿ ಹೆಸರು ಮಾರುದ್ದ ಇದೆ, ಎಲ್ಲರೂ ಹೀಗೇ ಕರೆಯುವುದು. ಮಿಕುರಿ ಎಂಬ ಹುಡುಗಿ ಮನಃಶಾಸ್ತ್ರದಲ್ಲಿ ಎಂ.ಎ. ಓದಿದರೂ ಕೆಲಸ ಸಿಗದೆ ಒಬ್ಬ ಕಂಪ್ಯೂಟರ್ ಇಂಜಿನಿಯರ್ ಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ಅಮ್ಮನ ಜೊತೆ ಊರು ಬಿಟ್ಟು ಹೋಗಬೇಕಾಗಿ ಬಂದಾಗ, ಕೆಲಸ ಉಳಿಸಿಕೊಳ್ಳಲು ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಳ್ಳುತ್ತಾರೆ. ಹೊರಗೆ ಗಂಡ ಹೆಂಡತಿ, ಒಳಗೆ ಮಾಲೀಕ ಮತ್ತು ನೌಕರಳು. ತಿಂಗಳ ಸಂಬಳ, ರಜೆ, ಕೆಲಸದ ವೇಳೆ ಎಲ್ಲಾ ಕಾಗದದ ಮೇಲೆ. ಆಮೇಲೆ ಪ್ರೀತಿ ಹುಟ್ಟುತ್ತದೆ, ಅದು ನಮಗೂ ಮೊದಲೇ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅವನು ನಿಜವಾಗಿ ಮದುವೆ ಆಗೋಣ, ಆಗ ಸಂಬಳ ಕೊಡುವ ಖರ್ಚೂ ಉಳಿಯುತ್ತದೆ ಅಂತ ಲೆಕ್ಕ ತೋರಿಸಿದಾಗ ಅವಳು ಖುಷಿಪಡುವುದಿಲ್ಲ. ಇಷ್ಟ ಇದೆ ಅನ್ನುವ ಕಾರಣಕ್ಕೆ ಪುಕ್ಕಟೆ ದುಡಿಸಿಕೊಳ್ಳುವುದು ಶೋಷಣೆ ಅನ್ನುತ್ತಾಳೆ!

ನಮ್ಮ ಮನೆಯಲ್ಲಿ ಆ ರಾತ್ರಿ ಟಿವಿ ಆರಿಸಿದ ಮೇಲೂ ಮಾತು ಆರಲಿಲ್ಲ. ಮಗಳು ಮಿಕುರಿ ಪರ. ನಮ್ಮ ಮನೆಯವರು, ‘ಸಂಸಾರದಲ್ಲಿ ಎಂಥ ಸಂಬಳ’ ಅಂದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮದುವೆಯಾಗಿ ಬಂದಾಗಿನಿಂದ ಬೀಸಿದ ರಾಗಿಗೆ, ತಟ್ಟಿದ ಬೆರಣಿಗೆ, ಹೊತ್ತ ನೀರಿಗೆ ಕೂಲಿ ಹಾಕಿದರೆ ಎಷ್ಟಾಗುತ್ತೆ, ನೀನು ಬ್ಯಾಂಕಿನವಳಲ್ವಾ, ಲೆಕ್ಕ ಹಾಕು ಅಂದರು. ಬಡ್ಡಿ ಸೇರಿಸಲಾ ಅಂತ ಕೇಳಿದೆ. ‘ಚಕ್ರಬಡ್ಡಿ ಹಾಕು’ ಅಂದರು. ಒಂದು ಸೀರಿಯಲ್ ಇಷ್ಟು ಮಾಡಿದರೆ ಸಾಲದಾ?

ಊಟದ ಸೀರಿಯಲ್‌ಗಳ ಬಗ್ಗೆ ಹೇಳದಿದ್ದರೆ ತುಮಕೂರಿನವಳು ಅಂತ ಹೇಳಿಕೊಳ್ಳಲು ನಾಚಿಕೆ. 2009ರಲ್ಲಿ ಶುರುವಾದ ‘ಮಿಡ್‌ನೈಟ್ ಡೈನರ್’ ನೆಟ್‌ಫ್ಲಿಕ್ಸ್‌ನಲ್ಲಿದೆ. ಟೋಕಿಯೊದ ಶಿಂಜುಕು ಓಣಿಯಲ್ಲಿ ಒಂದು ಪುಟ್ಟ ಹೋಟೆಲು. ಮಧ್ಯರಾತ್ರಿ 12ಕ್ಕೆ ಬಾಗಿಲು ತೆಗೆದರೆ ಬೆಳಿಗ್ಗೆ 7ಕ್ಕೆ ಮುಚ್ಚುವುದು. ಬೋರ್ಡಿನ ಮೇಲಿರುವುದು ಹಂದಿಮಾಂಸದ ಸಾರು ಮತ್ತು ಕುಡಿಯಲು ಮೂರು ನಾಲ್ಕು ಬಗೆ. ಆದರೆ ಏನು ಬೇಕು ಕೇಳಿ, ಸಾಮಾನು ಇದ್ದರೆ ಮಾಡಿಕೊಡುತ್ತಾನೆ. ಕಣ್ಣಿನ ಮೇಲೆ ಗಾಯದ ಗುರುತಿರುವ ಆ ಯಜಮಾನನಾಗಿ ಕವೊರು ಕೊಬಯಾಶಿ ಮಾಡಿದ್ದಾರೆ. ಅವನ ಹಿಂದಿನ ಕಥೆ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬರುವವರು ರಾತ್ರಿ ಪಾಳಿಯವರು, ಟ್ಯಾಕ್ಸಿಯವರು, ಕ್ಲಬ್ಬಿನಲ್ಲಿ ಕುಣಿಯುವವಳು, ರೌಡಿ. ಎತ್ತರದ ರೌಡಿಯೊಬ್ಬ ಕೆಂಪು ಸಾಸೇಜ್ ತಿನ್ನುತ್ತಾನೆ, ಅದನ್ನು ಎಂಟು ಕಾಲಿನ ಆಕ್ಟೋಪಸ್ ಆಕಾರಕ್ಕೆ ಕತ್ತರಿಸಿ ಕೊಡಬೇಕು. ನಮ್ಮದು ಈರುಳ್ಳಿಯನ್ನೂ ಕೆಲವು ದಿನ ಬಿಡುವ ಮನೆ. ಅತ್ತೆಯವರು ಮೊದಲ ಕಂತಿಗೆ ಮುಖ ತಿರುಗಿಸಿದರು. ಆಮೇಲೆ ‘ತಿನ್ನೋದನ್ನ ನೋಡಲ್ಲ, ಮಾತು ಮಾತ್ರ ಹೇಳು’ ಅಂತ ಒಪ್ಪಂದಕ್ಕೆ ಬಂದರು.

‘ಕೊಡೊಕು ನೊ ಗುರುಮೆ’ ಇನ್ನೂ ವಿಚಿತ್ರ. 2012ರಲ್ಲಿ ಶುರುವಾಗಿ 2022ರ ಹೊತ್ತಿಗೆ ಹತ್ತು ಸೀಸನ್ ಬಂದಿತ್ತು. ಹೊರದೇಶದ ಸಾಮಾನು ತರಿಸಿ ಮಾರುವ ಗೊರೊ ಎಂಬವನು ಗಿರಾಕಿ ನೋಡಲು ಊರೂರು ತಿರುಗುತ್ತಾನೆ, ಹಸಿವಾಗುತ್ತದೆ, ಯಾವುದೋ ಹೋಟೆಲಿಗೆ ನುಗ್ಗಿ ಒಬ್ಬನೇ ಕೂತು ತಿನ್ನುತ್ತಾನೆ. ಮುಗಿಯಿತು, ಕಥೆ ಅಷ್ಟೇ. ಕುಡಿಯುವುದಿಲ್ಲ. ಹೋಟೆಲುಗಳೆಲ್ಲ ನಿಜವಾದವು. ಯುತಾಕಾ ಮತ್ಸುಶಿಗೆ ಎಂಬ ಆ ಉದ್ದನೆಯ ನಟ ಬಾಯಿಬಿಟ್ಟು ಹೆಚ್ಚು ಮಾತಾಡುವುದೇ ಇಲ್ಲ, ಮನಸ್ಸಿನೊಳಗೆ ಮಾತ್ರ ಸಾರಿನ ಬಗ್ಗೆ ವಾದ ಮಾಡುತ್ತಾನೆ. ಇವನನ್ನು ಕ್ಯಾತ್ಸಂದ್ರಕ್ಕೆ ಕರೆದು ತಂದು ತಟ್ಟೆ ಇಡ್ಲಿ ಮುಂದೆ ಕೂರಿಸಿ, ಮೇಲೊಂದು ಚಮಚ ಬೆಣ್ಣೆ ಹಾಕಿಸಿ, ಅವನ ಮನಸ್ಸು ಏನು ಹೇಳುತ್ತದೆ ಅಂತ ಕೇಳಬೇಕು ಅನ್ನುವುದು ನನ್ನ ಬಹುದಿನದ ಆಸೆ. ಒಂದು ಮಾತು ಮಾತ್ರ ಹೇಳುತ್ತೇನೆ. ಗೊರೊ ಗಂಡಸು. ನಾನು ಬ್ಯಾಂಕಿನಲ್ಲಿದ್ದಾಗ ವಸೂಲಿಗೆ ಕುಣಿಗಲ್ಲು, ಗುಬ್ಬಿ, ತಿಪಟೂರು ಅಂತ ಹೋಗುತ್ತಿದ್ದೆ. ಮಧ್ಯಾಹ್ನ ಒಬ್ಬಳೇ ಹೋಟೆಲಿನಲ್ಲಿ ಕೂತರೆ ಸಪ್ಲೈಯರ್‌ನಿಂದ ಹಿಡಿದು ಕ್ಯಾಷಿಯರ್‌ವರೆಗೆ ಎಲ್ಲರ ಕಣ್ಣೂ ನನ್ನ ತಟ್ಟೆ ಮೇಲೆ. ಈಗ ಸ್ವಲ್ಪ ಬದಲಾಗಿದೆ ಅನ್ನಿ.

ಜಪಾನಿನವರು ಕೆಲಸವನ್ನು ದೇವರು ಮಾಡಿ ಕೂರಿಸಿದ್ದಾರೆ, ಅದನ್ನೇ ಹೊಗಳುತ್ತೀರಾ ಅಂತ ಯಾರಾದರೂ ಕೇಳಬಹುದು. ಇಲ್ಲ. 2019ರಲ್ಲಿ ‘ನಾನು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತೇನೆ’ ಅನ್ನುವ ಅರ್ಥದ ಹೆಸರಿನ ಸೀರಿಯಲ್ ಬಂತು. ಯುರಿಕೊ ಯೊಶಿತಾಕಾ ನಾಯಕಿ. ಸಂಜೆ ಆರು ಹೊಡೆದ ಕೂಡಲೇ ಕಂಪ್ಯೂಟರ್ ಮುಚ್ಚಿ ಎದ್ದು ಹೋಗಿ ಒಂದು ಚೈನೀಸ್ ಹೋಟೆಲಿನಲ್ಲಿ ಬಿಯರ್ ಕುಡಿಯುತ್ತಾಳೆ. ಇಷ್ಟಕ್ಕೇ ಅವಳು ಆಫೀಸಿನವರ ಕಣ್ಣಿಗೆ ಬಂಡಾಯಗಾರ್ತಿ. ಅದೇ ವರ್ಷ ಏಪ್ರಿಲ್‌ನಿಂದ ಅಲ್ಲಿ ದೊಡ್ಡ ಕಂಪನಿಗಳಿಗೆ ಓವರ್‌ಟೈಮ್ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಅಂತ ಮಿತಿ ಹಾಕುವ ಕಾನೂನು ಜಾರಿಗೆ ಬಂದಿತ್ತು. ಕಾನೂನು ಬಂದ ತಿಂಗಳಲ್ಲೇ ಸೀರಿಯಲ್! ನನ್ನ ಮಗಳು ಬೆಳಗಿನ ರೈಲು ಹಿಡಿದು ಹೋದರೆ ರಾತ್ರಿ ಊಟದ ಹೊತ್ತಿಗೆ ಬರುತ್ತಾಳೆ, ಬಂದ ಮೇಲೂ ಲ್ಯಾಪ್‌ಟಾಪ್ ತೆಗೆಯುತ್ತಾಳೆ. ಕೊರಿಯಾ ಬಿಟ್ಟು ಜಪಾನಿಗೆ ಬಂದ ಅವಳ ಮೊದಲ ಸೀರಿಯಲ್ ಇದೇ.

ಸಂಪಾದಕರೇ, ಈಗ ನನ್ನ ಬೇಡಿಕೆ. ವಸಂತನರಸಾಪುರದಲ್ಲಿ ಜಪಾನಿನ ಕಂಪನಿಗಳಿಗೆ ಅಂತಲೇ ಕೈಗಾರಿಕಾ ಪ್ರದೇಶ ಗುರುತು ಮಾಡಿದ್ದಾರೆ. ನಮ್ಮ ಜಿಲ್ಲೆಯ ಮಕ್ಕಳು ಆ ಜನರ ಕೈಕೆಳಗೆ ಕೆಲಸ ಮಾಡುವ ದಿನ ಬಂದಿದೆ. ಅವರ ಆಫೀಸು, ಮನೆ, ಸಿಟ್ಟು, ನಗು ಹೇಗಿರುತ್ತದೆ ಅಂತ ಒಂದಿಷ್ಟು ಟಿವಿಯಲ್ಲಿ ನೋಡಿದರೆ ನಷ್ಟವೇನು? ಡಬ್ಬಿಂಗ್ ಬೇಡ ಅನ್ನುವ ಕಾಲ ಹೋಯಿತು. 2020ರಲ್ಲಿ ಲಾಕ್‌ಡೌನ್ ಹೊತ್ತಿನಲ್ಲಿ ಹಿಂದಿಯ ಮಹಾಭಾರತವನ್ನು ಕನ್ನಡದಲ್ಲಿ ತೋರಿಸಿದಾಗ ನಮ್ಮ ಓಣಿಯವರೆಲ್ಲ ಕೂತು ನೋಡಿದರು. ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಅನ್ನುವ ಭಯ ನನಗೂ ಅರ್ಥ ಆಗುತ್ತದೆ, ಆದ್ದರಿಂದಲೇ ರಾತ್ರಿ ಎಂಟೂವರೆಯ ಜಾಗ ಕೇಳುತ್ತಿಲ್ಲ. ಬೆಳಗಿನ 15 ನಿಮಿಷ ಸಾಕು. ಓಶಿನ್ ಅಷ್ಟೇ ಉದ್ದ ಇರುವುದು. ಸದ್ಯ ಆ ಹೊತ್ತಿಗೆ ರಾಶಿಭವಿಷ್ಯ ಬರುತ್ತದೆ, ಒಂದು ವರ್ಷ ಗ್ರಹಗಳಿಗೂ ರಜೆ ಸಿಗಲಿ.

ಡಬ್ ಮಾಡುವವರಿಗೆ ಒಂದು ಕೋರಿಕೆ. ಪುಸ್ತಕದ ಕನ್ನಡದಲ್ಲಿ ಮಾಡಬೇಡಿ. ಓಶಿನ್ ಮನೆಯವರು ಟೋಕಿಯೊ ಭಾಷೆ ಆಡುವುದಿಲ್ಲ, ಯಮಗಾತಾದ ಹಳ್ಳಿ ಮಾತು ಆಡುತ್ತಾರೆ. ನಮ್ಮಲ್ಲೂ ಆ ಮನೆಯವರು ಪಾವಗಡದ ಕಡೆಯ ಕನ್ನಡ ಆಡಲಿ, ಸಕಾತಾದ ವ್ಯಾಪಾರಿಗಳು ಪೇಟೆ ಕನ್ನಡ ಆಡಲಿ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು, ದನಿ ಕೊಡುವವರಿಗೆ ಇಲ್ಲಿ ಬರ ಇಲ್ಲ. ಹೆಸರು ಮಾತ್ರ ಬದಲಿಸಬೇಡಿ, ಅವಳು ಓಶಿನ್ ಆಗಿಯೇ ಇರಲಿ. ಡಬ್ಬಿಂಗ್ ಆಗುವುದಿಲ್ಲ ಅಂದರೆ ಕನ್ನಡ ಸಬ್‌ಟೈಟಲ್ ಆದರೂ ಹಾಕಿ. ಅತ್ತೆಯವರು ಕನ್ನಡ ಪೇಪರ್ ಕನ್ನಡಕ ಇಲ್ಲದೆ ಓದುತ್ತಾರೆ, ನನಗೆ ದಿನಾ ರಾತ್ರಿ ಗಂಟಲು ಒಣಗುವುದು ತಪ್ಪುತ್ತದೆ.

ಪತ್ರ ಉದ್ದವಾಯಿತು ಅಂತ ಗೊತ್ತು. ನಿಮ್ಮ ಪತ್ರಗಳ ಅಂಕಣದಲ್ಲಿ ಇಷ್ಟು ಜಾಗ ಇರುವುದಿಲ್ಲ ಅಂತಲೂ ಗೊತ್ತು. ಕತ್ತರಿಸಲೇಬೇಕಾದರೆ ಬ್ಯಾಂಕಿನ ಭಾಗ ಕತ್ತರಿಸಿ, ಬೇಕಾದರೆ ಇಡ್ಲಿಯನ್ನೂ ತೆಗೆಯಿರಿ. ಓಶಿನ್ ಮತ್ತು ಚಕ್ರಬಡ್ಡಿ ಮುಟ್ಟಬೇಡಿ, ಅತ್ತೆಯವರು ಪೇಪರ್ ಬಂದ ಕೂಡಲೇ ಹುಡುಕುತ್ತಾರೆ.

ಇಂತಿ,
ನಿವೃತ್ತ ಗುಮಾಸ್ತೆ, ನಿಮ್ಮ ಹಳೆಯ ಓದುಗಳು
ಶಿರಾ ಗೇಟ್, ತುಮಕೂರು